ಹೊಸ ಮಫ್ಲರ್ ಹಾಕಿಸಿದ ಮೇಲೂ ಕ್ಯಾಬಿನ್ ಒಳಗೆ ಕಾರ್ಬನ್ ಮೊನಾಕ್ಸೈಡ್, ಎಲ್ಲಿಂದ ಬರುತ್ತಿದೆ?

ಗಾಳಿಪಟ:

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಸೇರಿ ಒಂದು ಹಳೇ ನಾಲ್ಕು ಸೀಟಿನ ವಿಮಾನ ಇಟ್ಟುಕೊಂಡಿದ್ದೇವೆ. ಒಂದೇ ಎಂಜಿನ್, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ.

ಹೋದ ತಿಂಗಳು ಹೀಟರ್ ಹಾಕಿಕೊಂಡು ಹಾರುತ್ತಿದ್ದಾಗ, ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಪತ್ತೆಮಾಡುವ ಡಿಟೆಕ್ಟರ್ ಕೂಗಿಕೊಂಡಿತು. 85 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 85 ಭಾಗ. ತಕ್ಷಣ ಹೀಟರ್ ಮುಚ್ಚಿದೆ. ಹೊರಗಿನ ಗಾಳಿಯ ವೆಂಟ್ ಪೂರ್ತಿ ತೆರೆದೆ. ಹತ್ತಿರದ ರನ್‌ವೇಯಲ್ಲಿ ಇಳಿದುಬಿಟ್ಟೆವು. ನನಗೆ ಸ್ವಲ್ಪ ತಲೆನೋವು ಇತ್ತು ಅಷ್ಟೇ. ಆದರೆ ಆ ದಿನ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು.

ಮೆಕ್ಯಾನಿಕ್ ಮಫ್ಲರ್ (ಎಂಜಿನ್ ಹೊಗೆ ಹಾದುಹೋಗುವ ಸೈಲೆನ್ಸರ್) ಸುತ್ತಲಿನ ತಗಡಿನ ಹೊದಿಕೆ ಬಿಚ್ಚಿ ನೋಡಿದರೆ, ವೆಲ್ಡ್ ಪಕ್ಕದಲ್ಲೇ ಒಂದು ಬೆರಳುದ್ದ ಬಿರುಕು. ಹೊಸ ಮಫ್ಲರ್ ತರಿಸಿ ಹಾಕಿದರು. ಕೆಲಸ ಮುಗಿಯಿತು ಅಂದುಕೊಂಡೆವು.

ಮುಗಿದಿಲ್ಲ. ಈಗ ಮೇಲೇರುವಾಗ 30-35 ತೋರಿಸುತ್ತದೆ. ಸಮನಾಗಿ ಹಾರುವಾಗ 10ರ ಆಸುಪಾಸು. ವಿಚಿತ್ರ ಅಂದರೆ, ಹೀಟರ್ ಹಾಕಿದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಪಾಲುದಾರರಲ್ಲಿ ಒಬ್ಬರು "50ರ ಒಳಗೆ ಇದೆಯಲ್ಲ, ಸುಮ್ನಿರು" ಅನ್ನುತ್ತಾರೆ. ನನಗೆ ಸಮಾಧಾನ ಇಲ್ಲ. ಇನ್ನು ಯಾವ ಭಾಗ ಬದಲಿಸಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಸ್ಪ್ಯಾನರ್:

ಸರ್, ನಿಮಗೆ ಸಮಾಧಾನ ಇಲ್ಲದಿರುವುದೇ ಸರಿ. ಕಾರಣ ಸಿಗುವವರೆಗೆ ವಿಮಾನ ನೆಲದಲ್ಲೇ ಇರಲಿ.

ಮೊದಲು ಆ 50ರ ವಿಷಯ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಸಣ್ಣ ವಿಮಾನಗಳ ನಿಯಮದಲ್ಲಿ 2017ರವರೆಗೆ 20,000 ಭಾಗ ಗಾಳಿಗೆ 1 ಭಾಗ ಅಂತ ಇತ್ತು. ಅದೇ 50 ಪಿಪಿಎಂ. ವಿಮಾನದ ವಿನ್ಯಾಸಕ್ಕೆ ಅನುಮತಿ ಕೊಡುವಾಗ ದಾಟಬಾರದು ಅಂತ ಇಟ್ಟ ಗೆರೆ ಅದು. ನಿನ್ನೆವರೆಗೆ ಸೊನ್ನೆ ತೋರಿಸುತ್ತಿದ್ದ ವಿಮಾನ ಇವತ್ತು 35 ತೋರಿಸಿದರೆ ಎಲ್ಲೋ ಏನೋ ಒಡೆದಿದೆ ಅಂತ ಅರ್ಥ. ಬಿರುಕು ಇದ್ದಷ್ಟೇ ಇರುವುದಿಲ್ಲ, ಬೆಳೆಯುತ್ತದೆ.

ಇನ್ನು ನಿಮ್ಮ ಲಕ್ಷಣ. ನಮ್ಮ ವಿಮಾನಗಳಲ್ಲಿ ಹೀಟರ್ ಅಂದರೆ ಬೇರೆ ಯಂತ್ರವೇನೂ ಅಲ್ಲ. ಬಿಸಿ ಮಫ್ಲರ್ ಮೇಲೆ ಹಾದುಹೋದ ಹೊರಗಿನ ಗಾಳಿ. ಹಾಗಾಗಿ ಮಫ್ಲರ್ ಸೀಳಿದ್ದರೆ ಹೀಟರ್ ತೆರೆದಾಗ ಅಂಕಿ ಏರಬೇಕು, ಮುಚ್ಚಿದರೆ ಇಳಿಯಬೇಕು. ಮೊದಲ ಸಲ ನಿಮಗೆ ಆಗಿದ್ದು ಅದು. ಈಗ ಹೀಟರ್‌ಗೂ ಅಂಕಿಗೂ ಸಂಬಂಧವೇ ಇಲ್ಲ ಅನ್ನುತ್ತೀರಿ. ಅಂದರೆ ಹೊಗೆ ಬೇರೆ ದಾರಿ ಹಿಡಿದಿದೆ.

ಅಂಥ ದಾರಿ ಎರಡು. ಕೌಲಿಂಗ್ (ಎಂಜಿನ್ ಮುಚ್ಚುವ ಹೊರ ಕವಚ) ಒಳಗೆ ಯಾವುದೋ ಪೈಪ್ ಸೋರಿ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ ಫೈರ್‌ವಾಲ್‌ನ ತೂತುಗಳಿಂದ ಒಳಗೆ ಬರಬಹುದು. ಇಲ್ಲವೇ ಕೊನೆಯ ಹೊಗೆ ಕೊಳವೆ ಟೈಲ್‌ಪೈಪ್‌ನಿಂದ ಸರಿಯಾಗಿಯೇ ಹೊರಗೆ ಹೋದ ಹೊಗೆ ವಿಮಾನದ ಹೊಟ್ಟೆಯ ಕೆಳಗೆ ಅಂಟಿಕೊಂಡು ಸಾಗಿ, ಬಾಗಿಲಿನ ಸಂದು ಅಥವಾ ಬಾಲದ ಕಡೆಯಿಂದ ನುಗ್ಗಬಹುದು. ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಸಂದು ಸಿಕ್ಕಿದಲ್ಲೆಲ್ಲ ಗಾಳಿ ಎಳೆದುಕೊಳ್ಳುತ್ತದೆ. ಮೇಲೇರುವಾಗ ಮೂಗು ಎತ್ತಿರುತ್ತದೆ, ಪೂರ್ತಿ ಪವರ್ ಇರುತ್ತದೆ, ಮಿಕ್ಸ್ಚರ್ ರಿಚ್ ಇರುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ. ರಿಚ್ ಇದ್ದಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ. ಅದಕ್ಕೇ ಏರುವಾಗ 35, ಸಮನಾದಾಗ 10.

ಎರಡು ವಿಷಯ ಹೇಳಿ. ಅಂಕಿ ಪೈಲಟ್ ಕಾಲಿನ ಬಳಿ ಜಾಸ್ತಿಯೋ, ಹಿಂದಿನ ಸೀಟಿನ ಬಳಿ ಜಾಸ್ತಿಯೋ? ಮಫ್ಲರ್ ಹಾಕುವಾಗ ಸಿಲಿಂಡರ್‌ನಿಂದ ಇಳಿಯುವ ರೈಸರ್ ಪೈಪುಗಳ ಗ್ಯಾಸ್ಕೆಟ್ (ಜೋಡಣೆ ಸೋರದಂತೆ ನಡುವೆ ಇಡುವ ತೆಳು ಪಟ್ಟಿ) ಹೊಸದು ಹಾಕಿದರೋ? ಅಳೆಯುವುದಕ್ಕೆ ಹಾರಬೇಕಾಗಿಲ್ಲ. ವಿಮಾನವನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬ್ರೇಕ್ ಹಿಡಿದು ಪವರ್ ಕೊಟ್ಟು ನೋಡಿ.

ಮೋಡದಾಚೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಗಾಳಿಪಟ ಅವರೇ, ಸುಮ್ನಿರು ಅಂದ ಪಾಲುದಾರರಿಗೆ ಇದನ್ನು ಓದಿಸಿ. 2019ರ ಜನವರಿ 21ರಂದು ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ ಹೊರಟ ಪೈಪರ್ ಮಾಲಿಬು ವಿಮಾನ ಗರ್ನ್ಸಿ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅದರಲ್ಲಿದ್ದರು. ಅವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡ ಹಿಮೋಗ್ಲೋಬಿನ್ ನೂರಕ್ಕೆ 58 ಇತ್ತು. ಪೈಲಟ್ ಮೇಲೂ ಆ ವಿಷದ ಪರಿಣಾಮ ಆಗಿರಬಹುದು ಅಂತ ಬ್ರಿಟನ್ನಿನ ತನಿಖಾ ಸಂಸ್ಥೆ ಎಎಐಬಿ ಹೇಳಿತು. ಎಚ್ಚರಿಕೆ ಕೂಗುವ ಡಿಟೆಕ್ಟರ್ ಆ ವಿಮಾನದಲ್ಲಿ ಇರಲಿಲ್ಲ.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಕೂಡ ಲೆಕ್ಕ ತೆಗೆದಿದೆ. 1982ರಿಂದ 2020ರವರೆಗೆ ಈ ಅನಿಲದಿಂದ ಆದ 31 ಅಪಘಾತ, ಸತ್ತವರು 42 ಜನ. ಅಷ್ಟರಲ್ಲಿ ಡಿಟೆಕ್ಟರ್ ಇದ್ದದ್ದು ಒಂದೇ ಒಂದು ವಿಮಾನದಲ್ಲಿ. ನಿಮ್ಮಲ್ಲಿ ಇತ್ತು. ಅದಕ್ಕೇ ನೀವು ಇವತ್ತು ಇಲ್ಲಿ ಪ್ರಶ್ನೆ ಕೇಳುತ್ತಿದ್ದೀರಿ.

ಒಂದು ಪ್ರಶ್ನೆ, ನಿಮ್ಮದು ಯಾವ ಥರದ ಡಿಟೆಕ್ಟರ್? ಮನೆಗೆ ಹಾಕುವಂಥದ್ದನ್ನು ಕೆಲವರು ವಿಮಾನದಲ್ಲಿ ಇಡುತ್ತಾರೆ. ಅದು 70 ಪಿಪಿಎಂ ಇದ್ದರೂ ಒಂದು ಗಂಟೆ ಕಳೆಯುವ ಮೊದಲು ಕೂಗದ ಹಾಗೆ ಮಾಡಿರುತ್ತಾರೆ. ಹಾರುವವರಿಗೆ ಅದು ಪ್ರಯೋಜನವಿಲ್ಲ. ಬಣ್ಣ ಬದಲಾಗುವ ಅಂಟುಚೀಟಿಯೂ ಅಷ್ಟೇ. ನೀವೇ ಅದರ ಕಡೆ ನೋಡದಿದ್ದರೆ ಅದು ಏನೂ ಹೇಳುವುದಿಲ್ಲ.

ಗಾಳಿಪಟ:

ಇಬ್ಬರಿಗೂ ಧನ್ಯವಾದ. ಮೇಡಂ, ನಮ್ಮದು ವಿಮಾನಕ್ಕೆಂದೇ ಮಾಡಿದ್ದು, ಅಂಕಿ ತೋರಿಸುತ್ತದೆ, ಕೂಗುತ್ತದೆ. ನೀವು ಬರೆದದ್ದನ್ನು ಪಾಲುದಾರರಿಗೆ ಓದಿ ಹೇಳಿದೆ. ಅವರೇ ಈಗ ಕೀಲಿ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ, ಸರಿಯಾಗುವವರೆಗೆ ಯಾರೂ ಹಾರುವುದು ಬೇಡ ಅಂತ.

ಸರ್, ನೆಲದಲ್ಲೇ ಪವರ್ ಕೊಟ್ಟು ನೋಡಿದೆವು. ಪೆಡಲ್ ಬಳಿ, ಫೈರ್‌ವಾಲ್ ಹತ್ತಿರ 50 ದಾಟಿತು. ಹಿಂದಿನ ಸೀಟಿನಲ್ಲಿ ಬರೀ 12. ಗ್ಯಾಸ್ಕೆಟ್ ಬಗ್ಗೆ ಮೆಕ್ಯಾನಿಕ್‌ಗೆ ಕೇಳಿದೆ. ರೈಸರ್ ಪೈಪುಗಳನ್ನು ಪೂರ್ತಿ ಬಿಚ್ಚಲಿಲ್ಲವಂತೆ. ನಟ್ ಸಡಿಲ ಮಾಡಿ, ಮಫ್ಲರ್ ಕೂರಿಸಿ, ಮತ್ತೆ ಬಿಗಿ ಮಾಡಿದರಂತೆ. ಗ್ಯಾಸ್ಕೆಟ್ ಹಳೆಯದೇ.

ಹಳೇ ಸ್ಪ್ಯಾನರ್:

ಅಲ್ಲೇ ಇದೆ ನೋಡಿ. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ ಸಡಿಲ ಮಾಡಿ ಬಿಗಿ ಮಾಡಿದರೆ ಮೊದಲಿನ ಹಾಗೆ ಕೂರುವುದಿಲ್ಲ. ನಟ್ ಸಡಿಲ ಮಾಡಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಆದರೆ ಬರೀ ಗ್ಯಾಸ್ಕೆಟ್ ಅಂತ ಈಗಲೇ ತೀರ್ಮಾನ ಬೇಡ. ಮಫ್ಲರ್ ಸೀಳುವಷ್ಟು ದಣಿದಿದ್ದರೆ, ಅದೇ ಬಿಸಿ, ಅದೇ ನಡುಕ ತಿಂದ ರೈಸರ್‌ಗಳ ಕಥೆಯೂ ಹಾಗೇ ಇರಬಹುದು. ಒಳಗೆ ಹರಿಯುವ ಹೊಗೆ 700ರಿಂದ 850 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪ್ರತಿ ಹಾರಾಟಕ್ಕೂ ಕಾಯುವುದು, ತಣಿಯುವುದು. ಸ್ಟೇನ್‌ಲೆಸ್ ಸ್ಟೀಲ್ ಆದರೂ ಅದಕ್ಕೂ ಮಿತಿ ಇದೆ ಅಲ್ವಾ?

ಮೆಕ್ಯಾನಿಕ್ ಜೊತೆ ಕೂತು ಹೀಗೆ ಮಾಡಿ. ಕೌಲಿಂಗ್ ಪೂರ್ತಿ ತೆಗೆಯಿರಿ. ಮಫ್ಲರ್ ಹೊದಿಕೆಯನ್ನೂ ತೆಗೆಯಿರಿ. ಹೊದಿಕೆ ತೆಗೆಯದೆ ನೋಡಿದ್ದು ನೋಡಿದ್ದೇ ಅಲ್ಲ. ಒರೆಸುವ ಮೊದಲು ಕಣ್ಣಿನಿಂದ ನೋಡಿ, ಫೋಟೋ ತೆಗೆದುಕೊಳ್ಳಿ. ಸೋರುವ ಜಾಗದಲ್ಲಿ ಮಸಿ ಗೆರೆ, ಅಥವಾ ಬಿಳಿ, ತಿಳಿ ಬೂದು, ಹಳದಿ ಪುಡಿಯ ಥರ ಕಲೆ ಇರುತ್ತದೆ. ಒರೆಸಿಬಿಟ್ಟರೆ ಸಾಕ್ಷಿ ಹೋಯಿತು.

ಆಮೇಲೆ ವ್ಯಾಕ್ಯೂಮ್ ಕ್ಲೀನರ್ ತನ್ನಿ. ಅದು ಗಾಳಿ ಊದುವ ಕಡೆಗೆ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟೈಲ್‌ಪೈಪ್‌ಗೆ ಬಟ್ಟೆ, ಟೇಪ್ ಸುತ್ತಿ ಕೂರಿಸಿ. ಎಂಜಿನ್ ತಣ್ಣಗಿರಬೇಕು. ಸಾಬೂನು ನೀರನ್ನು ಎಲ್ಲಾ ವೆಲ್ಡ್, ಬಾಗು, ಫ್ಲೇಂಜ್ (ನಟ್ ಹಾಕಿ ಜೋಡಿಸುವ ಪೈಪ್ ತುದಿಯ ಚಪ್ಪಟೆ ಅಂಚು), ಕ್ಲಾಂಪ್ ಮೇಲೆ ಚಿಮುಕಿಸಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟ್‌ನಲ್ಲಿ ಸಣ್ಣ ಗುಳ್ಳೆ ಬಂದರೆ ಗಾಬರಿ ಬೇಡ, ಬಿಸಿಗೆ ಹಿಗ್ಗಲು ಅಲ್ಲಿ ಸಂದು ಬಿಟ್ಟಿರುತ್ತಾರೆ. ಆದರೆ ಪೈಪ್ ಮೈಮೇಲೆ, ವೆಲ್ಡ್ ಮೇಲೆ ಒಂದು ಗುಳ್ಳೆಯೂ ಬರಬಾರದು.

ಬಿರುಕು ಸಿಕ್ಕರೆ ಪೆನ್ಸಿಲ್‌ನಿಂದ ಗುರುತು ಹಾಕಲೇಬೇಡಿ. ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಪೈಪ್ ಕಾದಾಗ ಪೆನ್ಸಿಲ್‌ನ ಕಾರ್ಬನ್ ಲೋಹದೊಳಗೆ ಇಳಿಯುತ್ತದೆ, ಮುಂದೆ ಆ ಗೆರೆಯಲ್ಲೇ ಸೀಳುತ್ತದೆ. ಸತು ಲೇಪಿಸಿದ ಉಪಕರಣವೂ ಬೇಡ. ಟ್ಯಾಗ್ ಕಟ್ಟಿ ಸಾಕು.

ಟಾರ್ಚ್ ಹಾಕಿ ಮಫ್ಲರ್ ಒಳಗೂ ಒಮ್ಮೆ ನೋಡಿ. ಒಳಗಿನ ತಗಡಿನ ಕೋನ್ ತುಂಡಾಗಿ ಹೊಗೆ ಹೊರಹೋಗುವ ಬಾಯಿಗೆ ಅಡ್ಡ ಬಂದರೆ ಎಂಜಿನ್ ಪವರ್ರೇ ಬಿದ್ದುಹೋಗುತ್ತದೆ.

ಗಾಳಿಪಟ:

ಸಿಕ್ಕಿತು! ಒಂದಲ್ಲ, ಮೂರು.

3ನೇ ಸಿಲಿಂಡರ್ ರೈಸರ್‌ನಲ್ಲಿ, ಫ್ಲೇಂಜ್‌ಗೆ ಪೈಪ್ ಸೇರುವ ವೆಲ್ಡ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಕಾಣಿಸಲೇ ಇಲ್ಲ, ಸಾಬೂನು ಗುಳ್ಳೆ ತೋರಿಸಿಕೊಟ್ಟಿತು. 1ನೇ ಸಿಲಿಂಡರ್‌ನಲ್ಲಿ ಗ್ಯಾಸ್ಕೆಟ್ ಒಂದು ಕಡೆ ಸುಟ್ಟು, ಸಿಲಿಂಡರ್ ತಂಪು ಮಾಡುವ ಫಿನ್‌ಗಳ ಮೇಲೆಲ್ಲ ಮಸಿ. ಜೊತೆಗೆ ಫೈರ್‌ವಾಲ್‌ನಲ್ಲಿ ಕೇಬಲ್ ಹಾದುಹೋಗುವ ತೂತಿನ ರಬ್ಬರ್ ಬಳೆ, ಗ್ರಾಮೆಟ್, ಒಣಗಿ ಉದುರಿದೆ. ಟಾರ್ಚ್ ಹಿಡಿದರೆ ಆ ಕಡೆಯ ಬೆಳಕು ಕಾಣುತ್ತದೆ.

ಬಿರುಕು ಚಿಕ್ಕದು, ವೆಲ್ಡ್ ಹೊಡೆಸಿದರೆ ಸಾಕು ಅಂತ ಒಬ್ಬರು ಹೇಳಿದರು. ಏನು ಮಾಡಲಿ?

ಹಳೇ ಸ್ಪ್ಯಾನರ್:

ಬದಲಿಸಿ. ಎಕ್ಸಾಸ್ಟ್ (ಹೊಗೆ ಹೊರಹಾಕುವ ಪೈಪು, ಮಫ್ಲರ್ ಎಲ್ಲ) ರಿಪೇರಿಗೆ ಅನುಮತಿ ಇರುವ ಕಾರ್ಖಾನೆಗಳಿವೆ. ಅವರು ಸವೆದ ಭಾಗವನ್ನೇ ಕತ್ತರಿಸಿ ಹೊಸ ಲೋಹ ಸೇರಿಸಿ, ಪರೀಕ್ಷೆ ಮಾಡಿ ಕೊಡುತ್ತಾರೆ. ಅದು ಸರಿ. ಆದರೆ ಹ್ಯಾಂಗರ್‌ನಲ್ಲೇ ಬಿರುಕಿನ ಮೇಲೆ ಒಂದು ಗೆರೆ ವೆಲ್ಡ್ ಎಳೆಯುವುದು ಬೇಡ. ಒಳಗಡೆಯಿಂದ ಲೋಹ ತೆಳುವಾಗಿರುತ್ತದೆ. ವೆಲ್ಡ್ ಗಟ್ಟಿಯಾಗಿಯೇ ಉಳಿದು ಅದರ ಪಕ್ಕದಲ್ಲಿ ಸೀಳುತ್ತದೆ. ನಿಮ್ಮ ಹಳೇ ಮಫ್ಲರ್ ಸೀಳಿದ್ದೂ ವೆಲ್ಡ್ ಪಕ್ಕದಲ್ಲೇ ಅಲ್ವಾ?

ನನ್ನನ್ನು ಕೇಳಿದರೆ ನಾಲ್ಕೂ ರೈಸರ್ ಬಿಚ್ಚಿಸಿ ನೋಡಿಸಿ. ನಾಲ್ಕಕ್ಕೂ ಹೊಸ ಗ್ಯಾಸ್ಕೆಟ್, ಹೊಸ ನಟ್. 1ನೇ ಸಿಲಿಂಡರ್ ಫ್ಲೇಂಜ್ ಸೊಟ್ಟಗಾಗಿದೆಯೋ ಅಂತ ಸಮತಟ್ಟು ಕಲ್ಲಿನ ಮೇಲಿಟ್ಟು ನೋಡಲಿ. ಸೊಟ್ಟ ಫ್ಲೇಂಜ್‌ಗೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಡುತ್ತದೆ. ನಟ್ ಕೂರುವ ಸ್ಟಡ್ ತುಕ್ಕು ಹಿಡಿದು ತೆಳುವಾಗಿದ್ದರೆ ಅದನ್ನೂ ಈಗಲೇ ಬದಲಿಸಲಿ.

ಜೋಡಿಸುವಾಗಿನ ಕ್ರಮ ಮುಖ್ಯ. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಬೇಕು. ಪೈಪ್ ತಾನಾಗಿ ತನ್ನ ಜಾಗಕ್ಕೆ ಬರಬೇಕು. ಎಳೆದು, ಜಗ್ಗಿ ತೂತಿಗೆ ತೂತು ಸೇರಿಸಿದರೆ ಆ ಬಿಗುವು ಪೈಪ್‌ನಲ್ಲೇ ಉಳಿಯುತ್ತದೆ. ಮೊದಲ ಬಿರುಕು ಅಲ್ಲೇ. ಆಮೇಲೆ ಸಿಲಿಂಡರ್ ಫ್ಲೇಂಜ್ ನಟ್‌ಗಳನ್ನು ಸಮನಾಗಿ, ಮ್ಯಾನುಯಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಬೇಕು. ಕ್ಲಾಂಪ್‌ಗಳು ಕೊನೆಗೆ. ಎಂಜಿನ್ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಟಾರ್ಕ್ ನೋಡಬೇಕು. ಸಾಬೂನು ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲೇಬೇಕು. ಇದಿಷ್ಟನ್ನೂ ಲೈಸೆನ್ಸ್ ಇರುವ ಮೆಕ್ಯಾನಿಕ್ಕೇ ಮಾಡಿ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಎಫ್‌ಎಎ ನಿಯಮದಲ್ಲಿ ಪೈಲಟ್ ತಾನೇ ಮಾಡಿಕೊಳ್ಳಬಹುದಾದ ಕೆಲಸಗಳ ಪಟ್ಟಿಯಲ್ಲಿ ಎಕ್ಸಾಸ್ಟ್ ಇಲ್ಲ.

ಫೈರ್‌ವಾಲ್ ತೂತಿಗೆ ಹೊಸ ಗ್ರಾಮೆಟ್, ಬೆಂಕಿ ತಡೆಯುವ ಸೀಲೆಂಟ್. ಸಾಮಾನ್ಯ ಸಿಲಿಕೋನ್ ಬಳಿಯಬೇಡಿ. ಅದು ಬೆಂಕಿಯನ್ನು ಆಚೆಗೇ ತಡೆಯಬೇಕಾದ ಗೋಡೆ.

ಮೋಡದಾಚೆ:

ಇದೇ ಚರ್ಚೆಯಲ್ಲಿ ನನ್ನದೂ ಒಂದು ಕೇಳುತ್ತೇನೆ. ನಮ್ಮದು ಟರ್ಬೋ. ಟರ್ಬೋಗೂ ಟೈಲ್‌ಪೈಪ್‌ಗೂ ನಡುವೆ ಇರುವ ವಿ-ಬ್ಯಾಂಡ್ ಕ್ಲಾಂಪ್ (ಎರಡನ್ನೂ ಸುತ್ತ ಹಿಡಿದು ಜೋಡಿಸುವ ಲೋಹದ ಪಟ್ಟಿ) ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಎಷ್ಟು ಗಂಟೆ ಓಡಿದೆ ಅಂತ ಲಾಗ್‌ಬುಕ್‌ನಲ್ಲಿ ಇಲ್ಲ. ಬದಲಿಸಬೇಕೇ?

ಹಳೇ ಸ್ಪ್ಯಾನರ್:

ಮೇಡಂ, ಮುಂದಿನ ಹಾರಾಟಕ್ಕೆ ಮೊದಲೇ ಬದಲಿಸಿ ಅನ್ನುವುದು ನನ್ನ ಮಾತು. ಅದು ಹಲವು ತುಂಡುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಸೇರಿಸಿದ ಕ್ಲಾಂಪ್ ಆಗಿದ್ದರೆ, ಎಫ್‌ಎಎ 2023ರಲ್ಲಿ ಆದೇಶವನ್ನೇ ಹೊರಡಿಸಿದೆ, ಎಡಿ 2023-09-09. ಅದರ ಪ್ರಕಾರ ಆ ಥರದ ಕ್ಲಾಂಪ್‌ನ ಆಯುಷ್ಯ 500 ಗಂಟೆ. ಆಮೇಲೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆದು ಎಸೆಯಬೇಕು.

ಚೆನ್ನಾಗಿ ಕಾಣುವುದೇ ಅದರ ಅಪಾಯ. ಬಿರುಕು ಶುರುವಾಗುವುದು ಸ್ಪಾಟ್ ವೆಲ್ಡ್ ಹತ್ತಿರ, ಪಟ್ಟಿಯ ಅಡಿಯಲ್ಲಿ. ಅದು ಬಿಟ್ಟುಕೊಂಡರೆ ಟೈಲ್‌ಪೈಪ್ ಕಳಚುತ್ತದೆ. ಬೆಂಕಿಯಂಥ ಹೊಗೆ ನೇರ ಫೈರ್‌ವಾಲ್ ಮೇಲೆ, ಇಂಧನದ ಪೈಪುಗಳ ಮೇಲೆ. ಗಾಳಿಪಟ ಅವರಿಗೆ ಡಿಟೆಕ್ಟರ್ ಕೂಗಿ ಹೇಳಿತು. ಇದು ಹೇಳದೆ ಬರುತ್ತದೆ.

ಹೊಸದು ಹಾಕುವಾಗ ಪಾರ್ಟ್ ನಂಬರ್ ನಿಮ್ಮ ವಿಮಾನದ್ದೇ ಆಗಿರಲಿ. ಅಳತೆ ಸರಿಹೋಯಿತು ಅಂತ ಬೇರೆಯದು ಬೇಡ. ಕ್ಲಾಂಪನ್ನು ಬೇಕಾದ್ದಕ್ಕಿಂತ ಜಾಸ್ತಿ ಅಗಲಿಸಿ ಹಾಕಿದರೆ ಹೊಸದಕ್ಕೇ ಏಟು ಬೀಳುತ್ತದೆ. ಸ್ವಲ್ಪ ಬಿಗಿ ಮಾಡಿ, ಮೆತ್ತನೆ ಸುತ್ತಿಗೆಯಿಂದ ಸುತ್ತ ತಟ್ಟಿ, ಮತ್ತೆ ಬಿಗಿ ಮಾಡಿ, ಹೀಗೆ ಕೂರಿಸಬೇಕು. ನಟ್ ಹೊಸದು. ಹಾಕಿದ ದಿನವೇ ಲಾಗ್‌ಬುಕ್‌ನಲ್ಲಿ ಗಂಟೆ ಬರೆಸಿ.

ಗಾಳಿಪಟ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. 3ನೇ ರೈಸರ್ ಹೊಸದು ಬಂತು. 1ನೇ ಫ್ಲೇಂಜ್ ನಿಜಕ್ಕೂ ಸೊಟ್ಟಗಾಗಿತ್ತು, ಆ ಪೈಪನ್ನೂ ಬದಲಿಸಿದೆವು. ನಾಲ್ಕಕ್ಕೂ ಗ್ಯಾಸ್ಕೆಟ್, ನಟ್. ಎರಡು ಸ್ಟಡ್. ಗ್ರಾಮೆಟ್, ಸೀಲೆಂಟ್. ತಣಿದ ಮೇಲೆ ಟಾರ್ಕ್ ನೋಡಿದಾಗ ಎರಡು ನಟ್ ಸ್ವಲ್ಪ ತಿರುಗಿದವು.

ನಿನ್ನೆ ನಾನೊಬ್ಬನೇ ರನ್‌ವೇ ಬಿಟ್ಟು ದೂರ ಹೋಗದೆ ಅದರ ಮೇಲಿನ ಆಕಾಶದಲ್ಲೇ ಸುತ್ತು ಹಾರಿ ಬಂದೆ. ಮೇಲೇರುವಾಗ ಪೆಡಲ್ ಬಳಿ 3. ಸಮನಾದ ಮೇಲೆ ಸೊನ್ನೆ. ಹೀಟರ್ ತೆರೆದೆ, ಸೊನ್ನೆ. ಹತ್ತು ನಿಮಿಷ ಅದನ್ನೇ ನೋಡುತ್ತಿದ್ದೆ.

25 ಗಂಟೆ ಆದ ಮೇಲೆ ಹೊದಿಕೆ ಬಿಚ್ಚಿ ಮತ್ತೆ ನೋಡಲು ಮೆಕ್ಯಾನಿಕ್ ಒಪ್ಪಿದ್ದಾರೆ. ಮಗಳು ಮುಂದಿನ ಸಲ ಹಿಂದಿನ ಸೀಟಿಗೂ ಒಂದು ಡಿಟೆಕ್ಟರ್ ಬೇಕು ಅಂದಿದ್ದಾಳೆ. ತರಿಸಿದ್ದೇನೆ.