ಮೈತ್ರಿಗೆ ಸಹಿ ಹಾಕಿದ ಟರ್ಕಿ 1940ರಲ್ಲಿ ಯುದ್ಧಕ್ಕೆ ಇಳಿಯಲಿಲ್ಲವೇಕೆ?

ವಿಜಯನಗರದ ಅಭ್ಯರ್ಥಿ:
ಐಎಎಸ್ ಪರೀಕ್ಷೆಗೆ ಓದುತ್ತಿರುವ ನಾವು ಕೆಲವರು ಇಲ್ಲಿ ವಿಜಯನಗರದಲ್ಲಿ ಸಂಜೆ ಕೂತು ವಿಶ್ವ ಇತಿಹಾಸ ಚರ್ಚಿಸುತ್ತೇವೆ. ಒಂದು ಪ್ರಶ್ನೆ ಬಗೆಹರಿಯುತ್ತಿಲ್ಲ. ಕಪ್ಪು ಸಮುದ್ರದ ಬಾಗಿಲನ್ನೇ ಕೈಯಲ್ಲಿಟ್ಟುಕೊಂಡಿದ್ದ ಟರ್ಕಿ, 1939ರ ಅಕ್ಟೋಬರ್ 19ರಂದು ಬ್ರಿಟನ್ ಮತ್ತು ಫ್ರಾನ್ಸ್ ಜೊತೆ ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದು ಸಮರ ಮೆಡಿಟರೇನಿಯನ್‌ಗೆ ಹಬ್ಬಿದರೂ ಅದು ಕದಲಲಿಲ್ಲ. ಇದು ಮಾತಿಗೆ ತಪ್ಪಿದಂತಲ್ಲವೇ?

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ:
ಒಪ್ಪಂದಕ್ಕೆ ಲಗತ್ತಾಗಿದ್ದ ಎರಡನೆಯ ಪ್ರೋಟೋಕಾಲನ್ನು ನೋಡಿ. ಸೋವಿಯತ್ ಒಕ್ಕೂಟದೊಡನೆ ಸಶಸ್ತ್ರ ಸಂಘರ್ಷಕ್ಕೆ ಎಳೆಯಬಹುದಾದ ಯಾವ ಕ್ರಮಕ್ಕೂ ಟರ್ಕಿಯನ್ನು ಒತ್ತಾಯಿಸುವಂತಿಲ್ಲ ಎಂದು ಅದರಲ್ಲಿತ್ತು. ಫ್ರಾನ್ಸ್ ಕುಸಿದಾಗ ಅಂಕಾರಾ, ಅಂದರೆ ಟರ್ಕಿ ಸರ್ಕಾರ, ಮುಂದಿಟ್ಟದ್ದು ಇದನ್ನೇ. ಸಹಿಗೆ ಮುನ್ನ ವಿದೇಶಾಂಗ ಸಚಿವ ಸರಾಜೋಲು ಮಾಸ್ಕೋದಲ್ಲಿ ವಾರಗಟ್ಟಲೆ ಕಾದು ಬರಿಗೈಯಲ್ಲಿ ಮರಳಿದ್ದರು, ಏಕೆಂದರೆ 1936ರ ಮಾಂತ್ರೋ ಒಡಂಬಡಿಕೆಯಲ್ಲಿ ಕಪ್ಪು ಸಮುದ್ರದ ದಾರಿಯಾದ ಟರ್ಕಿಯ ಜಲಸಂಧಿಗಳ ಬಗ್ಗೆ ಇದ್ದ ನಿಯಮಗಳನ್ನು ತನಗೆ ಅನುಕೂಲವಾಗುವಂತೆ ಬದಲಿಸಬೇಕೆಂದು ಸೋವಿಯತ್ ಪಟ್ಟು ಹಿಡಿದಿತ್ತು.

1914ರ ನೆನಪೂ ಹಸಿಯಾಗಿಯೇ ಇತ್ತು. ಆ ಆಗಸ್ಟ್‌ನಲ್ಲಿ, ಟರ್ಕಿ ಇನ್ನೂ ಒಟ್ಟೋಮನ್ ಸಾಮ್ರಾಜ್ಯವಾಗಿದ್ದಾಗ, ಜರ್ಮನಿಯೊಡನೆ ರಹಸ್ಯ ಮೈತ್ರಿಯಾಯಿತು. ಅಕ್ಟೋಬರ್‌ನಲ್ಲಿ ಜರ್ಮನ್ ಅಡ್ಮಿರಲ್ ಸೂಷೋನ್, ಒಟ್ಟೋಮನ್ ಯುದ್ಧ ಸಚಿವ ಎನ್ವರ್ ಪಾಶಾನ ಸಮ್ಮತಿಯಿಂದ, ಒಟ್ಟೋಮನ್ ಬಾವುಟ ಹೊತ್ತ ಹಡಗುಗಳನ್ನು ಒಯ್ದು ರಷ್ಯಾದ ಬಂದರುಗಳ ಮೇಲೆ ಗುಂಡಿನ ಮಳೆಗರೆದ. ಬಹುಪಾಲು ಸಚಿವರಿಗೆ ಬೇಡವಾಗಿದ್ದ ಯುದ್ಧ ಹಾಗೆ ಬಂದೆರಗಿ ಸಾಮ್ರಾಜ್ಯವೇ ಅಳಿಯಿತು. ಅದರಲ್ಲಿ ಸೇನಾಧಿಕಾರಿಯಾಗಿ ಹೋರಾಡಿದ್ದ ಇಸ್ಮೆತ್ ಇನೋನು 1939ರಲ್ಲಿ ರಾಷ್ಟ್ರಾಧ್ಯಕ್ಷರಾಗಿದ್ದರು ಎಂಬುದನ್ನು ಮರೆಯಬೇಡಿ. ನನ್ನ ದೃಷ್ಟಿಯಲ್ಲಿ ಅವರು ಮಾಡಿದ್ದು ಸರಿ.

ಜಯನಗರದ ಓದುಗಿ:
ಸರ್, ಆ ತಟಸ್ಥ ನೀತಿಗೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳಬೇಕು. ಜರ್ಮನಿ ರಷ್ಯಾದ ಮೇಲೆ ಎರಗುವ ನಾಲ್ಕು ದಿನ ಮೊದಲು, 1941ರ ಜೂನ್ 18ರಂದು, ಟರ್ಕಿ ಹಿಟ್ಲರನೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡಿತು. ಉಕ್ಕು ಗಟ್ಟಿಗೊಳಿಸಲು ಬೇಕಾದ ಕ್ರೋಮ್ ಅದಿರು ಜರ್ಮನಿಗೆ ಹೋಗುವುದು 1944ರ ಏಪ್ರಿಲ್‌ವರೆಗೂ ನಿಲ್ಲಲಿಲ್ಲ. ದೇಶದೊಳಗೆ, 1942ರ ನವೆಂಬರ್‌ನ ಆಸ್ತಿ ತೆರಿಗೆಯನ್ನು ಗ್ರೀಕ್, ಅರ್ಮೇನಿಯನ್ ಮತ್ತು ಯಹೂದಿ ವ್ಯಾಪಾರಿಗಳ ಮೇಲೆ ಮುಸ್ಲಿಮರಿಗಿಂತ ಹಲವು ಪಟ್ಟು ಹೇರಲಾಯಿತು. ಕಟ್ಟಲಾಗದವರನ್ನು ಅಷ್ಕಾಲೆಯ ದುಡಿಮೆ ಶಿಬಿರಕ್ಕೆ ಅಟ್ಟಲಾಯಿತು.

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ:
ಮೇಡಂ, ಕ್ರೋಮ್ ವಿಷಯದಲ್ಲಿ ನಿಮ್ಮ ಮಾತು ನಿಜ. ಅದು ಆ ನೀತಿಯದೇ ಭಾಗ. 1943ರ ಜನವರಿಯಲ್ಲಿ ಚರ್ಚಿಲ್ ಅದಾನಾ ಬಳಿ ರೈಲು ಬೋಗಿಯಲ್ಲಿ ಇನೋನು ಎದುರು ಕೂತು ಮಾತಾಡಿದ ಮೇಲೂ ಅಂಕಾರಾ ಎರಡು ಕಡೆಗೂ ಚೌಕಾಶಿ ಬಿಡಲಿಲ್ಲ. ತೆರಿಗೆಯನ್ನು ಮಾತ್ರ ತಟಸ್ಥ ನೀತಿಯ ಖಾತೆಗೆ ಹಾಕಲಾರೆ. ದೊಡ್ಡ ಸೇನೆಯನ್ನು ಸಜ್ಜಾಗಿಡುವ ಖರ್ಚನ್ನು ಯುದ್ಧ ತಂದಿತು, ಆದರೆ ಧರ್ಮ ನೋಡಿ ದರ ಕಟ್ಟಿರೆಂದು ಹೊರಗಿನವರು ಯಾರೂ ಒತ್ತಾಯಿಸಿರಲಿಲ್ಲ. ಪರೀಕ್ಷೆಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.