ಸಂಜೆ ಹೊತ್ತು ವೈಫೈ ಪದೇ ಪದೇ ಹೋಗ್ತಿದೆ, ರೌಟರ್ ಬದಲಿಸಲಾ?

ಅಡಿಕೆತೋಟ:
ಸಂಜೆ ಆದ್ರೆ ಸಾಕು, ವೈಫೈ ಹೋಗುತ್ತೆ, ಎರಡು ನಿಮಿಷಕ್ಕೆ ಬರುತ್ತೆ, ಮತ್ತೆ ಹೋಗುತ್ತೆ. ಬೆಳಗ್ಗೆ ಏನೂ ತೊಂದರೆ ಇಲ್ಲ. ಫೈಬರ್ ಲೈನ್, 100 ಎಂಬಿಪಿಎಸ್ ಪ್ಲಾನ್. ರೀಸೆಟ್ ಮಾಡಿ ಆಯ್ತು, ಪಾಸ್‌ವರ್ಡ್ ಬದಲಿಸಿ ಆಯ್ತು. ಕಸ್ಟಮರ್ ಕೇರ್‌ನವರು "ಆಫ್ ಮಾಡಿ ಆನ್ ಮಾಡಿ" ಬಿಟ್ರೆ ಬೇರೆ ಮಾತಾಡಲ್ಲ. 2000 ರೂಪಾಯಿ ಒಳಗೆ ಒಳ್ಳೆ ರೌಟರ್ ಇದ್ರೆ ಹೇಳಿ, ಇದನ್ನ ಗುಜರಿಗೆ ಹಾಕ್ತೀನಿ.

ಚಾನೆಲ್_ಆರು:
ಸಂಜೆ ಮಾತ್ರ ಅಂದ್ರೆ ಚಾನೆಲ್ ಜಗಳ (ಅಕ್ಕಪಕ್ಕದ ವೈಫೈಗಳು ಒಂದೇ ರೇಡಿಯೋ ದಾರಿಗೆ ಬೀಳೋದು), ಅನುಮಾನವೇ ಬೇಡ. ಎಲ್ಲರೂ ಮನೆಗೆ ಬಂದು ಟಿವಿ ಹಾಕೋ ಹೊತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂತ ಇರೋದು 1, 6, 11 ಮೂರೇ. ಆಟೋ ತೆಗೆದು ಒಂದಕ್ಕೆ ಕಟ್ಟಿಹಾಕಿ, ಅಗಲ 20 ಮೆಗಾಹರ್ಟ್ಸ್ ಇಡಿ. 5 ಗಿಗಾಹರ್ಟ್ಸ್‌ಗೆ 36 ಅಥವಾ 149. 52ರಿಂದ 144ರವರೆಗಿನವು ರಡಾರ್ ಜೊತೆ ಹಂಚಿಕೊಂಡಿರೋವು. ರಡಾರ್ ಸಿಕ್ತು ಅಂದ್ಕೊಂಡ ತಕ್ಷಣ ರೌಟರ್ ಆ ಚಾನೆಲ್ ಬಿಟ್ಟು ಓಡುತ್ತೆ. ಅಂಥದ್ದೇ ಇನ್ನೊಂದಕ್ಕೆ ಹೋದ್ರೆ ಕನಿಷ್ಠ ಒಂದು ನಿಮಿಷ ಸುಮ್ನೆ ಕೇಳಿಸಿಕೊಂಡ ಮೇಲೇ ಸಿಗ್ನಲ್ ಕೊಡೋದು. ನಿಮ್ಮ ಎರಡು ನಿಮಿಷದ ಲೆಕ್ಕಕ್ಕೆ ಸರಿ ಕೂರುತ್ತೆ.

ಜೋಳದ_ರೊಟ್ಟಿ:
ಚಾನೆಲ್ ಆಮ್ಯಾಲ ನೋಡೋಣ್ರಿ. ಮೊದ್ಲು ಬ್ರೌಸರಿನ್ಯಾಗ 192.168.1.1 (ರೌಟರ್ ಸೆಟ್ಟಿಂಗ್ ವಿಳಾಸ) ತಗದು ಸ್ಟೇಟಸ್ ಪುಟದಾಗ ಎರಡು ಅಪ್‌ಟೈಮ್ (ಶುರು ಆಗಿ ಎಷ್ಟೊತ್ತಾತು ಅನ್ನೂದು) ಓದ್ರಿ: ಒಂದು ಸಿಸ್ಟಮ್ದು, ಇನ್ನೊಂದು ವ್ಯಾನ್ (WAN), ಅಂದ್ರ ಹೊರಗಿನ ಇಂಟರ್ನೆಟ್ ಲೈನಿಂದು. ಸಿಸ್ಟಮ್ದು ಸೊನ್ನಿಯಿಂದ ಶುರು ಆಗಿದ್ರ ರೌಟರ್ರೇ ರೀಬೂಟ್ ಆಗೇತಿ, ಅಂದ್ರ ಕರೆಂಟ್ ತೊಂದ್ರಿ, ಇಲ್ಲಾಂದ್ರ ಬಿಸಿ. ವ್ಯಾನ್ದಷ್ಟ ಕಡಿಮಿ ಇದ್ರ ಲೈನ್ ಇಲ್ಲಾಂದ್ರ ಲಾಗಿನ್ ತೊಂದ್ರಿ. ಎರಡೂ ದಿನಗಟ್ಲೆ ಇದ್ದು ಫೋನಿಗಷ್ಟ ಬರವಲ್ದು ಅಂದ್ರ ಆವಾಗ ವೈಫೈ. ಇದನ್ನ ನೋಡದ ಔಷಧ ಹೇಳಬ್ಯಾಡ್ರಿ.

ಅಡಿಕೆತೋಟ:
ಚಾನೆಲ್ 11 ಇಟ್ಟೆ, ಅದೇ ಕಥೆ. ಅಂದಹಾಗೆ ನಮ್ಮದು ತೋಟದ ಮನೆ, ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ.

ಚಾನೆಲ್_ಆರು:
ದೂರ ಇದ್ರೇನಂತೆ, ಮನೆ ಒಳಗೂ ಗಲಾಟೆ ಇರುತ್ತೆ. ಮೈಕ್ರೋವೇವ್ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡೋದು. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ರೌಟರ್ ಪಕ್ಕ ಇದ್ರೂ 2.4 ಹಾಳು. 6ಕ್ಕೆ ಹಾಕಿ ನೋಡಿ.

ಜೋಳದ_ರೊಟ್ಟಿ:
ಅರ್ಧ ಕಿಲೋಮೀಟರ್ ಅಂತ ಹೇಳ್ಯಾರಲ್ರಿ, ಮತ್ತದ ಚಾನೆಲ್! ಅಪ್‌ಟೈಮ್ ಎಷ್ಟೈತಿ?

ಅಡಿಕೆತೋಟ:
ಸಿಸ್ಟಮ್ 14 ನಿಮಿಷ, ವ್ಯಾನ್ 12. ಬೆಳಗ್ಗೆಯಿಂದ ಯಾರೂ ಸ್ವಿಚ್ ಮುಟ್ಟಿಲ್ಲ.

ಮಲ್ಟಿಮೀಟರ್:
ಹಾಗಾದ್ರೆ ರೀಬೂಟ್. ಅಡಾಪ್ಟರ್ ಮೇಲೆ ಏನು ಬರೆದಿದೆ? ನಡುವೆ ಮಿನಿ ಯುಪಿಎಸ್ (ಕರೆಂಟ್ ಹೋದಾಗ ರೌಟರ್ ನಡೆಸೋ ಪುಟ್ಟ ಬ್ಯಾಟರಿ ಡಬ್ಬಿ) ಇದೆಯಾ?

ಅಡಿಕೆತೋಟ:
12 ವೋಲ್ಟ್ 1 ಆಂಪ್. ಮಿನಿ ಯುಪಿಎಸ್ ಇಲ್ಲದೆ ನಮ್ಮ ಕಡೆ ಆಗುತ್ತಾ ಮಾರಾಯ್ರೆ, ಅದನ್ನೂ ಬರೀಬೇಕಾ? ಸಂಜೆ ಕರೆಂಟ್ ಹೋಗುತ್ತೆ, ಆಗ ನೆಟ್ ಚೆನ್ನಾಗೇ ನಡೆಯುತ್ತೆ. ಬಂದ ಮೇಲೆ ಈ ಕಾಟ.

ಮಲ್ಟಿಮೀಟರ್:
ಇದನ್ನೇ ಮೊದಲು ಬರೀಬೇಕಿತ್ತು. ರೌಟರ್ ಜೊತೆ ಬಂದ ಅಡಾಪ್ಟರನ್ನೇ ಯುಪಿಎಸ್‌ಗೆ ಚುಚ್ಚಿದ್ದೀರಿ. 12 ವೋಲ್ಟ್ 1 ಆಂಪ್ ಅಂದ್ರೆ ಒಟ್ಟು 12 ವ್ಯಾಟ್. ಅದರಲ್ಲಿ ಡ್ಯುಯಲ್ ಬ್ಯಾಂಡ್ ರೌಟರ್‌ಗೇ 7-8 ವ್ಯಾಟ್ ಬೇಕಾಗಬಹುದು. ಕರೆಂಟ್ ಬಂದ ಕೂಡಲೇ ಖಾಲಿಯಾದ ಬ್ಯಾಟರಿಯೂ ಚಾರ್ಜ್‌ಗೆ ಕೈ ಒಡ್ಡುತ್ತೆ. ಎರಡನ್ನೂ ಹೊರಲಾರದೆ ವೋಲ್ಟೇಜ್ ಕುಸಿಯುತ್ತೆ, ರೌಟರ್ ಮತ್ತೆ ಬೂಟ್ ಆಗುತ್ತೆ. ಬ್ಯಾಟರಿ ತುಂಬಿದ ಮೇಲೆ ಶಾಂತ, ಅದಕ್ಕೇ ಬೆಳಗ್ಗೆ ತೊಂದರೆ ಇಲ್ಲ.

ಪರೀಕ್ಷೆ: ಒಂದು ಸಂಜೆ ಯುಪಿಎಸ್ ತೆಗೆದು ಅಡಾಪ್ಟರನ್ನ ನೇರ ರೌಟರ್‌ಗೆ ಕೊಡಿ. ಕರೆಂಟ್ ಬಂದ ಮೇಲೆ ಅಪ್‌ಟೈಮ್ ಸಲೀಸಾಗಿ ಏರುತ್ತಾ ಹೋದ್ರೆ ರೌಟರ್ ಗಟ್ಟಿಯಾಗಿದೆ. ಮೀಟರ್ ಇದ್ರೆ ಲೋಡ್ ಇರುವಾಗಲೇ ಅಳೆಯಿರಿ. ಸುಮ್ನೆ ಅಳೆದ್ರೆ ಸಾಯೋಕೆ ಬಂದ ಅಡಾಪ್ಟರೂ 12 ತೋರಿಸುತ್ತೆ.

ಪರಿಹಾರ: ಯುಪಿಎಸ್ ಮೇಲೆ ಬರೆದ ಇನ್‌ಪುಟ್ ವೋಲ್ಟೇಜ್ 12 ಅಂತ ಖಾತ್ರಿ ಮಾಡ್ಕೊಂಡು 12 ವೋಲ್ಟ್ 2 ಆಂಪ್ ಅಡಾಪ್ಟರ್ ತನ್ನಿ. ನಡುವಿನ ಪಿನ್ ಪ್ಲಸ್ ಇರಬೇಕು, ಚಿಹ್ನೆ ಅಡಾಪ್ಟರ್, ಯುಪಿಎಸ್ ಎರಡರ ಮೇಲೂ ಇರುತ್ತೆ. ಪ್ಲಗ್ 5.5 × 2.1 ಮಿಲಿಮೀಟರೋ 2.5ರದ್ದೋ ನೋಡಿ. 2.1ರ ಪಿನ್ನಿಗೆ 2.5ರದ್ದು ಸೇರುತ್ತೆ, ಆದ್ರೆ ಸಡಿಲ. ವಯರ್ ಅಲುಗಿದ್ರೆ ಮತ್ತೆ ಇದೇ ರೋಗ. ಯುಪಿಎಸ್ ಹೊಟ್ಟೆ ಉಬ್ಬಿದ್ರೆ ಮಾತ್ರ ಅದನ್ನ ಇಟ್ಕೋಬೇಡಿ.

ಹಳೇರೇಡಿಯೋ:
1 ಆಂಪ್ ಜಾಗಕ್ಕೆ 2 ಆಂಪ್ ಕೊಟ್ರೆ ಸುಟ್ಟು ಹೋಗಲ್ವಾ? ಯಾಕ್ರೀ ತಪ್ಪು ದಾರಿ ತೋರಿಸ್ತೀರಿ?

ಮಲ್ಟಿಮೀಟರ್:
ಸುಡಲ್ಲ. ವೋಲ್ಟ್ ಅಡಾಪ್ಟರ್ ಕೊಡೋದು, ಆಂಪ್ ಯಂತ್ರ ಎಳ್ಕೊಳೋದು. 9 ವೋಲ್ಟಿನದಕ್ಕೆ 12 ಹಾಕಿದ್ರೆ ಸುಡಬಹುದು. ವೋಲ್ಟ್ ಸರಿ ಇದ್ದು ಆಂಪ್ ಜಾಸ್ತಿ ಇದ್ರೆ ಒಳ್ಳೇದೇ.

ಹಳೇರೇಡಿಯೋ:
ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ನಲ್ಲಿ ಲೋಡ್ ಕಡಿಮೆ ಇದ್ರೆ 12ರದ್ದು 16ರವರೆಗೂ ಹೋಗುತ್ತೆ. ಅದನ್ನೂ ಹೇಳಿ.

ಮಲ್ಟಿಮೀಟರ್:
ಹಳೆಯ ಭಾರದ ಡಬ್ಬಿಗೆ ಅದು ನಿಜ. ಈಗ ರೌಟರ್ ಜೊತೆ ಬರೋವು ಎಸ್‌ಎಂಪಿಎಸ್, ವೋಲ್ಟ್ ಹಿಡಿದಿಡೋ ಹಗುರ ಅಡಾಪ್ಟರ್.

ಮೂರುಎಪಿ:
ಇಷ್ಟೆಲ್ಲ ತಾಪತ್ರಯ ಯಾಕೆ? ನಮ್ಮಲ್ಲಿ 48 ವೋಲ್ಟ್ ಪಿಒಇ ಸ್ವಿಚ್ (ನೆಟ್ ಕೇಬಲ್ಲಲ್ಲೇ ಕರೆಂಟ್ ಕೊಡೋದು), ಸೀಲಿಂಗ್‌ಗೆ ಮೂರು ಆಕ್ಸೆಸ್ ಪಾಯಿಂಟ್ (ವೈಫೈ ಡಬ್ಬಿ), ಎಲ್ಲಾ ಕಡೆ ಕ್ಯಾಟ್ 6 ನೆಟ್ ಕೇಬಲ್, ಕೆಳಗೆ ಒಂದೇ ಆನ್‌ಲೈನ್ ಯುಪಿಎಸ್. ರೌಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಸಾಫ್ಟ್‌ವೇರ್. ಕೊಟ್ಟಿಗೆಗೂ ಕೇಬಲ್ ಎಳೆದು ಕ್ಯಾಮೆರಾ ಹಾಕಿದೀನಿ.

ಜೋಳದ_ರೊಟ್ಟಿ:
ಅವರ ಬಜೆಟ್ 2000 ಐತ್ರಿ. ಮತ್ತ ಕೊಟಗಿತನಾ ತಾಮ್ರದ ಕೇಬಲ್ ಅಂದ್ರ ಹುಷಾರ್. ಹತ್ರ ಸಿಡ್ಲು ಬಿದ್ರ ಆ ತಂತ್ಯಾಗ ಸರ್ಜ್ (ಒಮ್ಮೆಲೆ ಏರೂ ವೋಲ್ಟೇಜ್) ಹುಟ್ಟಿ ಎರಡೂ ತುದಿ ಪೋರ್ಟ್ ಹೋಗ್ತಾವು. ಹೊರಗ ಎಳಿಯೂದಿದ್ರ ಲೋಹದ ಎಳಿ ಇಲ್ಲದ ಫೈಬರ್, ಎರಡೂ ಕಡಿ ಮೀಡಿಯಾ ಕನ್ವರ್ಟರ್ (ಫೈಬರ್ ಬೆಳಕನ್ನ ತಾಮ್ರದ ಕೇಬಲ್ಲಿಗೆ ಹೊಂದಿಸೂ ಡಬ್ಬಿ).

ಮೂರುಎಪಿ:
ಶೀಲ್ಡೆಡ್ (ಲೋಹದ ಹೊದಿಕೆ ಇರೋ) ಕೇಬಲ್ ಹಾಕಿದೀನಿ, ಏನೂ ಆಗಲ್ಲ.

ಜೋಳದ_ರೊಟ್ಟಿ:
ಶೀಲ್ಡ್ ಅರ್ತಿಂಗ್ ಎಲ್ಲಿ ಮಾಡೀರಿ?

ಕರಾವಳಿ_ಹುಡುಗ:
ನನ್ನದೂ ಇದೇ ಸಮಸ್ಯೆ, ಎಲ್‌ಒಎಸ್ ದೀಪ ಕೆಂಪಾಗಿ ಮಿನುಗ್ತಾ ಇದೆ. ನಾನೂ 2 ಆಂಪ್ ಅಡಾಪ್ಟರ್ ತರಲಾ?

ಮಲ್ಟಿಮೀಟರ್:
ಬೇಡ, ಅದು ಬೇರೆ ಸಮಸ್ಯೆ. ಕೆಂಪು ಅಂದ್ರೆ ಫೈಬರ್‌ನಲ್ಲಿ ಬೆಳಕೇ ಸರಿಯಾಗಿ ಬರ್ತಿಲ್ಲ. ಗೋಡೆ ಹತ್ರ ವಯರ್ ಮಡಚಿಕೊಂಡಿದೆಯಾ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯಾ ನೋಡಿ, ಹಸಿರು ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ತುದಿಯನ್ನ ಕಣ್ಣಿನ ಮುಂದೆ ಹಿಡೀಬೇಡಿ, ಆ ಬೆಳಕು ಕಾಣಲ್ಲ, ಆದ್ರೆ ಲೇಸರ್. ಲೈನ್‌ಮನ್ ಬಂದಾಗ ಆರ್‌ಎಕ್ಸ್ ಪವರ್ (ಮನೆಗೆ ಬಂದು ಮುಟ್ಟೋ ಬೆಳಕಿನ ಬಲ) ಕೇಳಿ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ಇದ್ರೆ ಚಿಂತೆ ಇಲ್ಲ, ಮೈನಸ್ 27ಕ್ಕಿಂತ ಕೆಳಗಿಳಿದ್ರೆ ಎಲ್ಲೋ ಜಾಯಿಂಟ್ ಕೆಟ್ಟಿರಬಹುದು. ಮುಂದಿನ ಮಾತಿಗೆ ಬೇರೆ ಥ್ರೆಡ್ ತೆಗೀರಿ.

ಅಡಿಕೆತೋಟ:
2 ಆಂಪಿನದು ಹಾಕಿದೆ. ಕರೆಂಟ್ ಹೋಗಿ ಬಂತು, ಅಪ್‌ಟೈಮ್ ನಿಲ್ಲದೆ ಏರ್ತಿದೆ. ಆದ್ರೆ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಸ್ಪೀಡ್ ನೋಡಿದ್ರೆ 94, ಪೂರ್ತಿ 100 ಬರ್ತಿಲ್ಲ. ಈಗಲಾದ್ರೂ ರೌಟರ್ ಬದಲಿಸಬೇಕಾ?

ಮಲ್ಟಿಮೀಟರ್:
ನಿಮ್ಮ ರೌಟರ್ ಪೋರ್ಟ್ 100ರದ್ದು. ಪ್ಯಾಕೆಟ್ ಹೆಡರ್‌ಗಳ ಪಾಲು ಕಳೆದ್ರೆ ಕೈಗೆ ಸಿಗೋದು 94ರ ಆಸುಪಾಸೇ. ಪ್ಲಾನ್ 200ಕ್ಕೆ ಏರಿಸೋ ದಿನ ಗಿಗಾಬಿಟ್ (1000 ಎಂಬಿಪಿಎಸ್ ಪೋರ್ಟಿನ) ರೌಟರ್ ತಗೊಳ್ಳಿ. ಆಗ ಕೇಬಲ್‌ನ ಎಂಟೂ ತಂತಿ ಸರಿ ಇರಬೇಕು, ಒಂದು ಜೋಡಿ ಕಟ್ ಆಗಿದ್ರೂ ಮತ್ತೆ 100ಕ್ಕೇ ಇಳಿಯಬಹುದು.

ಚಾನೆಲ್_ಆರು:
6ಕ್ಕೆ ಹಾಕಿದ್ರಾ?