ಗುಂಡು ಹಾರಿದ ಮೇಲಿನ ಮೊದಲ ಎರಡು ದಿನ: ವಕೀಲರ ಜೊತೆ ಪ್ರಶ್ನೋತ್ತರ

ನಮಸ್ಕಾರ. ನಾನು ಕ್ರಿಮಿನಲ್ ವಕೀಲೆ. ಪೊಲೀಸರ ಗುಂಡಿಗೆ ಸತ್ತವರ ಮನೆಯವರ ಪರ ಹಲವು ಸಲ ನಿಂತಿದ್ದೇನೆ. ಗುಂಡು ಹಾರಿಸಿದ ಪೊಲೀಸರ ಪರವೂ ಎರಡು ಸಲ ವಾದಿಸಿದ್ದೇನೆ. ಎಲ್ಲಿಂದಲೇ ಇಂಥ ಸುದ್ದಿ ಬರಲಿ, ನಮ್ಮ ಗುಂಪಿನಲ್ಲಿ ಎರಡೇ ಗಂಟೆಯಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. ಒಬ್ಬರಿಗೆ ಪೊಲೀಸರೆಲ್ಲ ಕೊಲೆಗಾರರು, ಇನ್ನೊಬ್ಬರಿಗೆ ಬೀದಿಗೆ ಇಳಿದವರೆಲ್ಲ ಪುಂಡರು. ಅದಕ್ಕೇ ಪ್ರಶ್ನೆ ಕಳಿಸಿ ಅಂದಿದ್ದೆ. ಬಂದವುಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಪೊಲೀಸರು ಕಾಲಿಗೆ ಗುಂಡು ಹೊಡೆದರೆ ಸಾಕಲ್ವಾ? ಎದೆಗೇ ಯಾಕೆ ಹೊಡೆಯಬೇಕು?

ಉತ್ತರ: ಎಲ್ಲರೂ ಮೊದಲು ಕೇಳುವುದು ಇದನ್ನೇ. ಯುರೋಪಿನ ಕೆಲವು ದೇಶಗಳಲ್ಲಿ ಕಾಲಿಗೆ ಗುರಿ ಇಡುವ ತರಬೇತಿ ಇದೆ. ಆದರೆ ಓಡುವವನ ಕಾಲು ಅಲ್ಲಾಡುತ್ತಿರುತ್ತದೆ, ಹೊಡೆಯುವವನ ಕೈ ನಡುಗುತ್ತಿರುತ್ತದೆ. ತಪ್ಪಿದ ಗುಂಡು ಹಿಂದೆ ನಿಂತವರಿಗೆ ಬೀಳಬಹುದು. ತೊಡೆಯ ದೊಡ್ಡ ರಕ್ತನಾಳಕ್ಕೆ ಬಿದ್ದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ.

ನಿಜವಾದ ಪ್ರಶ್ನೆ ಗುಂಡು ಎಲ್ಲಿಗೆ ಅಂತಲ್ಲ, ಬಂದೂಕು ತೆಗೆಯುವ ಹಂತ ಬಂದಿತ್ತಾ ಅಂತ. ವಿಶ್ವಸಂಸ್ಥೆ 1990ರಲ್ಲಿ ಹವಾನಾ ಸಮ್ಮೇಳನದಲ್ಲಿ ಇದಕ್ಕೆ ಮೂಲ ನಿಯಮ ಮಾಡಿತು. ಯಾರಿಗೋ ಸಾವಿನ ಇಲ್ಲವೇ ಗಂಭೀರ ಗಾಯದ ಅಪಾಯ ಆ ಕ್ಷಣಕ್ಕೇ ಇರಬೇಕು, ಬೇರೆ ದಾರಿ ಇರಬಾರದು. ತಾನು ಪೊಲೀಸ್ ಅಂತ ಹೇಳಬೇಕು, ಸಮಯ ಇದ್ದರೆ ಎಚ್ಚರಿಕೆ ಕೊಡಬೇಕು. ಅಮೆರಿಕದ ಮೆಂಫಿಸ್‌ನಲ್ಲಿ 1974ರಲ್ಲಿ ಕಳ್ಳತನ ಮಾಡಿ ಬೇಲಿ ಹತ್ತುತ್ತಿದ್ದ 15 ವರ್ಷದ ಹುಡುಗನ ತಲೆಗೆ ಹಿಂದಿನಿಂದ ಗುಂಡು ಹೊಡೆದರು. ಅವನ ಹತ್ತಿರ ಸಿಕ್ಕಿದ್ದು ಒಂದು ಪರ್ಸ್, 10 ಡಾಲರ್. ಓಡುತ್ತಿದ್ದಾನೆ ಅನ್ನುವುದೊಂದೇ ಕಾರಣಕ್ಕೆ ಕೊಲ್ಲುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. 11 ವರ್ಷ ಆದ ಮೇಲೆ.

ಪ್ರಶ್ನೆ: ಕೆಲವು ಸಾವಿಗೆ ಊರಿಗೆ ಊರೇ ಹೊತ್ತಿ ಉರಿಯುತ್ತದೆ. ಕೆಲವಕ್ಕೆ ಏನೂ ಆಗುವುದಿಲ್ಲ. ಯಾಕೆ ಹೀಗೆ?

ಉತ್ತರ: ಇದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಯಾಕಂದ್ರೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಒಂದು ಸಾವಿನಿಂದ ಊರು ಹೊತ್ತಿಕೊಳ್ಳುವುದಿಲ್ಲ. ಹಳೇ ಸಿಟ್ಟು ಎಷ್ಟೋ ವರ್ಷದಿಂದ ಒಣಗಿ ಕೂತಿರುತ್ತದೆ. ಅದಕ್ಕೆ ಕಿಡಿ ಬೀಳುತ್ತದಾ ಇಲ್ವಾ ಅನ್ನುವುದು ಗುಂಡು ಹಾರಿದ ಮೇಲಿನ ಎರಡು ದಿನದಲ್ಲಿ ತೀರ್ಮಾನ ಆಗುತ್ತದೆ. ಮನೆಯವರಿಗೆ ಯಾರು ಹೇಳಿದರು? ಶವವನ್ನು ಹೇಗೆ ನೋಡಿಕೊಂಡರು? ಮೊದಲ ಹೇಳಿಕೆಯಲ್ಲಿ ಸತ್ಯ ಇತ್ತಾ?

ಲಂಡನ್ನಿನ ಟಾಟೆನ್‌ಹ್ಯಾಮ್‌ನಲ್ಲಿ 2011ರ ಆಗಸ್ಟ್ 4ರಂದು ಪೊಲೀಸರ ಗುಂಡಿಗೆ ಮಾರ್ಕ್ ಡಗ್ಗನ್ ಸತ್ತರು. ಎರಡೂ ಕಡೆಯಿಂದ ಗುಂಡು ಹಾರಿತ್ತು ಅನ್ನುವ ಸುದ್ದಿ ಹಬ್ಬಿತು. ಅದು ಸುಳ್ಳು. ಪತ್ರಕರ್ತರಿಗೆ ಹಾಗೆ ಅನಿಸುವಂತೆ ತಾನೇ ಮಾತಾಡಿದ್ದಿರಬಹುದು ಅಂತ, ಪೊಲೀಸರ ಮೇಲಿನ ದೂರು ನೋಡುವ ತನಿಖಾ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಆಗಸ್ಟ್ 6ಕ್ಕೆ ಮನೆಯವರು, ನೆರೆಹೊರೆಯವರು ಠಾಣೆ ಮುಂದೆ ಬಂದು ನಿಂತರು. ಕೇಳಿದ್ದು ಇಷ್ಟೇ: ಒಬ್ಬ ಹಿರಿಯ ಅಧಿಕಾರಿ ಹೊರಗೆ ಬಂದು ನಮಗೆ ವಿಷಯ ಹೇಳಲಿ. ಗಂಟೆಗಟ್ಟಲೆ ಕಾದರೂ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಆ ರಾತ್ರಿ ಶುರುವಾದ ಗಲಭೆ ಇಂಗ್ಲೆಂಡಿನ ಬೇರೆ ಊರುಗಳಿಗೂ ಹಬ್ಬಿತು. 2014ರಲ್ಲಿ, ಸಾವಿನ ವಿಚಾರಣೆಗೆ ಕೂತ ಜ್ಯೂರಿಯ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) 10 ಜನರಲ್ಲಿ 8 ಜನ ಆ ಗುಂಡು ಕಾನೂನುಬದ್ಧ ಅಂದರು. ಗುಂಡು ಬಿದ್ದಾಗ ಡಗ್ಗನ್ ಕೈಯಲ್ಲಿ ಬಂದೂಕು ಇರಲಿಲ್ಲ ಅಂತಲೂ ಬಹುಮತದಿಂದ ಹೇಳಿದರು. ಆ ಹೊತ್ತಿಗೆ ಎರಡೂವರೆ ವರ್ಷ ಕಳೆದುಹೋಗಿತ್ತು.

ಅಮೆರಿಕದ ಫರ್ಗುಸನ್‌ನಲ್ಲಿ 2014ರ ಆಗಸ್ಟ್ 9ಕ್ಕೆ ಸತ್ತ 18 ವರ್ಷದ ಮೈಕೆಲ್ ಬ್ರೌನ್ ಶವ ಸುಮಾರು 4 ಗಂಟೆ ರಸ್ತೆ ಮೇಲೇ ಬಿದ್ದಿತ್ತು. ಬಿಸಿಲು, ಸುತ್ತ ಮನೆಗಳು, ಮಕ್ಕಳು ನೋಡುತ್ತಿದ್ದರು. ಗುಂಡು ಹಾರಿಸಿದ ಪೊಲೀಸನ ಹೆಸರು ಹೇಳಲು 6 ದಿನ ಬೇಕಾಯಿತು. ಹೆಸರು ಹೇಳಿದ ದಿನವೇ ಆ ಹುಡುಗ ಅಂಗಡಿಯಲ್ಲಿ ಜಗಳ ಮಾಡಿದ ವಿಡಿಯೋವನ್ನೂ ಬಿಟ್ಟರು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಫ್ರಾನ್ಸಿನ ನಾಂತೇರ್‌ನಲ್ಲಿ 2023ರ ಜೂನ್ 27ಕ್ಕೆ 17 ವರ್ಷದ ಹುಡುಗ ಸತ್ತ. ಕಾರನ್ನು ಪೊಲೀಸರ ಮೇಲೆ ನುಗ್ಗಿಸಲು ಬಂದ ಅನ್ನುವುದು ಮೊದಲ ಮಾತು. ಪೊಲೀಸ್ ಕಾರಿನ ಪಕ್ಕದಲ್ಲಿ ನಿಂತು ಕಿಟಕಿಯತ್ತ ಬಂದೂಕು ಹಿಡಿದಿದ್ದ ವಿಡಿಯೋ ಅವತ್ತೇ ಹೊರಗೆ ಬಂತು.

ನಾನು ನೋಡಿದ ಒಂದು ಕೇಸು ಹೇಳುತ್ತೇನೆ. ಮಗ ಸತ್ತ ವಿಷಯ ತಾಯಿಗೆ ಗೊತ್ತಾಗಿದ್ದು ಪಕ್ಕದ ಮನೆಯ ಟಿವಿಯಿಂದ. ಶವಾಗಾರದ ಬಾಗಿಲಲ್ಲಿ ಆ ತಾಯಿ ನನ್ನ ಕೈ ಹಿಡಿದುಕೊಂಡು, "ಕೊನೆಗೆ ಅವನು ಏನಾದ್ರೂ ಮಾತಾಡಿದ್ನಾ?" ಅಂತ ಕೇಳಿದರು. ಯಾರಿಗೆ ಶಿಕ್ಷೆ ಆಗುತ್ತೆ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಒಳಗೇ ಇದ್ದರು. ಯಾರೂ ಹೊರಗೆ ಬರಲಿಲ್ಲ. ಮಾರನೇ ದಿನ ರಸ್ತೆಯಲ್ಲಿ ಜನ ಸೇರಿದಾಗ ಆಶ್ಚರ್ಯಪಟ್ಟವರೂ ಅವರೇ.

ಪ್ರಶ್ನೆ: ಹಾಗಾದರೆ ಪೊಲೀಸರು ತನಿಖೆ ಮುಗಿಯುವ ಮೊದಲೇ ಎಲ್ಲ ಹೇಳಿಬಿಡಬೇಕಾ? ಅದೂ ತಪ್ಪಲ್ವಾ?

ಉತ್ತರ: ಎಲ್ಲ ಹೇಳಬೇಕಿಲ್ಲ. ಹೇಳಿದ್ದು ಸುಳ್ಳಾಗಿರಬಾರದು, ಅಷ್ಟೇ. "ನಮ್ಮ ಗುಂಡಿಗೆ ಒಬ್ಬರು ಸತ್ತಿದ್ದಾರೆ. ಮನೆಯವರಿಗೆ ತಿಳಿಸಿದ್ದೇವೆ. ತನಿಖೆಯನ್ನು ನಮ್ಮ ಕೈಗೆ ಸಿಗದ ಸಂಸ್ಥೆ ಮಾಡುತ್ತದೆ. ಇಷ್ಟು ಗೊತ್ತು, ಇಷ್ಟು ಇನ್ನೂ ಗೊತ್ತಿಲ್ಲ." ನಾಲ್ಕು ವಾಕ್ಯ ಸಾಕು. ಇದರಲ್ಲಿ ಯಾವ ಸಾಕ್ಷಿಯೂ ಕೆಡುವುದಿಲ್ಲ.

ಇಂಥ ಸಾವಿನ ತನಿಖೆ ಹೇಗಿರಬೇಕು ಅಂತ ಮಿನ್ನೆಸೋಟ ಪ್ರೋಟೋಕಾಲ್ ಅನ್ನುವ ವಿಶ್ವಸಂಸ್ಥೆಯ ಕೈಪಿಡಿ ಇದೆ. ಅದನ್ನು 2016ರಲ್ಲಿ ಪರಿಷ್ಕರಿಸಿದರು. ತನಿಖೆ ಬೇಗ ಶುರುವಾಗಬೇಕು, ಆರೋಪಕ್ಕೆ ಒಳಗಾದವರ ಕೈಯಿಂದ ದೂರ ಇರಬೇಕು, ಮನೆಯವರಿಗೆ ಅದರಲ್ಲಿ ಜಾಗ ಇರಬೇಕು ಅಂತ ಅದು ಹೇಳುತ್ತದೆ. ಮನೆಯವರಿಗೆ ಜಾಗ ಅನ್ನುವುದನ್ನೇ ಎಲ್ಲರೂ ಮರೆಯುತ್ತಾರೆ.

ಪ್ರಶ್ನೆ: ಕೋರ್ಟು "ಪೊಲೀಸನದು ತಪ್ಪಿಲ್ಲ" ಅಂದ ಮೇಲೂ ಜನ ಪ್ರತಿಭಟನೆ ಮಾಡುತ್ತಾರೆ. ಇದು ಹಠ ಅಲ್ವಾ?

ಉತ್ತರ: ಅಲ್ಲ. ಕೋರ್ಟು ನೋಡುವುದು ಒಬ್ಬ ಮನುಷ್ಯ, ಒಂದು ಘಟನೆ. ಅಮೆರಿಕದಲ್ಲಂತೂ 1989ರ ಒಂದು ತೀರ್ಪಿನ ಪ್ರಕಾರ, ಆ ಜಾಗದಲ್ಲಿದ್ದ ವಿವೇಕಿ ಪೊಲೀಸನಿಗೆ ಆಗ ಏನನ್ನಿಸುತ್ತಿತ್ತು ಅಂತ ನೋಡುತ್ತಾರೆ. ಆಮೇಲೆ ತಿಳಿದದ್ದನ್ನು ಇಟ್ಟುಕೊಂಡು ಅಳೆಯುವಂತಿಲ್ಲ. ಜನ ನೋಡುವುದು ವರ್ಷಗಳನ್ನು.

ಫರ್ಗುಸನ್ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚ್ 4ಕ್ಕೆ ಎರಡು ವರದಿ ಬಿಡುಗಡೆ ಮಾಡಿತು. ಒಂದರಲ್ಲಿ, ಗುಂಡು ಹಾರಿಸಿದ ಪೊಲೀಸ್ ಡ್ಯಾರೆನ್ ವಿಲ್ಸನ್ ಮೇಲೆ ಕೇಸು ನಡೆಸುವಷ್ಟು ಸಾಕ್ಷಿ ಇಲ್ಲ, ಮೈಕೆಲ್ ಬ್ರೌನ್ ಕೈ ಮೇಲೆತ್ತಿ ನಿಂತಿದ್ದ ಅನ್ನುವ ಹೇಳಿಕೆಗಳನ್ನು ನಂಬಲು ಆಗುವುದಿಲ್ಲ ಅಂತಿತ್ತು. ಇನ್ನೊಂದರಲ್ಲಿ ಆ ಊರಿನ ಪೊಲೀಸರ ಲೆಕ್ಕ ಇತ್ತು. ಜನಸಂಖ್ಯೆಯಲ್ಲಿ ಕಪ್ಪು ಜನ 67 ಶೇಕಡ. ತಡೆದ ವಾಹನಗಳಲ್ಲಿ 85, ಬಂಧನಗಳಲ್ಲಿ 93 ಶೇಕಡ ಅವರದೇ. ನಗರಸಭೆಯ ಖಜಾನೆ ತುಂಬಲು ದಂಡ ಹಾಕುವುದೇ ಕೆಲಸ ಆಗಿತ್ತು.

ಎರಡೂ ವರದಿ ನಿಜ. ನಮ್ಮ ಗುಂಪಿನಲ್ಲಿ ಒಬ್ಬರು ಮೊದಲನೆಯದನ್ನು ಮಾತ್ರ ಹಂಚುತ್ತಾರೆ, ಇನ್ನೊಬ್ಬರು ಎರಡನೆಯದನ್ನು ಮಾತ್ರ. ದಯವಿಟ್ಟು ಎರಡನ್ನೂ ಓದಿ. ಜೈಲಿಗೆ ಕಳಿಸುವಷ್ಟು ಸಾಕ್ಷಿ ಇಲ್ಲದ ಕಡೆಯೂ ಜನರ ಸಿಟ್ಟು ನ್ಯಾಯವಾದದ್ದೇ ಇರಬಹುದು.

ಪ್ರಶ್ನೆ: ಒಬ್ಬ ಕಲ್ಲು ಎಸೆದರೂ ಅದು ಶಾಂತಿಯುತ ಪ್ರತಿಭಟನೆ ಆಗಿ ಉಳಿಯುತ್ತಾ? ಲಾಠಿ ಬೀಸದೆ ಪೊಲೀಸರು ಇನ್ನೇನು ಮಾಡಬೇಕು?

ಉತ್ತರ: ಒಬ್ಬನ ಕಲ್ಲಿಗೆ ಸಾವಿರ ಜನ ಹೊಣೆ ಅಲ್ಲ. ಕೆಲವರ ಹಿಂಸೆಯಿಂದ ಇಡೀ ಸಭೆ ಹಿಂಸಾತ್ಮಕ ಆಗುವುದಿಲ್ಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಬಿಡಿಸಿ ಹೇಳಿದೆ.

ಕಾನೂನು ಪಕ್ಕಕ್ಕಿರಲಿ, ಲಾಠಿ ಕೆಲಸಕ್ಕೂ ಬರುವುದಿಲ್ಲ. ಗುಂಪುಗಳ ವರ್ತನೆಯನ್ನು ಹತ್ತಾರು ವರ್ಷ ನೋಡಿದ ಸ್ಟೀಫನ್ ರೈಕರ್, ಕ್ಲಿಫರ್ಡ್ ಸ್ಟಾಟ್ ಅನ್ನುವ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಹೇಳುವುದು ಇದನ್ನೇ. ಗುಂಪು ಅಂದರೆ ಒಂದೇ ತಲೆಯ ಪ್ರಾಣಿ ಅಲ್ಲ. ಅತ್ತು ನಿಂತವರು, ಘೋಷಣೆ ಕೂಗುವವರು, ಸುಮ್ನೆ ನೋಡಲು ಬಂದವರು, ಜಗಳಕ್ಕೇ ಬಂದವರು, ಎಲ್ಲ ಇರುತ್ತಾರೆ. ಎಲ್ಲರಿಗೂ ಒಂದೇ ಸಮ ಹೊಡೆದರೆ ಅದುವರೆಗೆ ಬೇರೆಬೇರೆ ಇದ್ದವರು ಒಂದಾಗುತ್ತಾರೆ. "ಕಲ್ಲು ಎಸೀಬೇಡ್ರೋ" ಅಂತ ತಡೆಯುತ್ತಿದ್ದ ಹಿರಿಯನ ಬೆನ್ನಿಗೂ ಏಟು ಬಿದ್ದರೆ, ಆಮೇಲೆ ತಡೆಯುವವರು ಯಾರು?

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2001ರ ಜೂನ್‌ನಲ್ಲಿ ಪ್ರತಿಭಟನೆ ಕೈಮೀರಿ, ಪೊಲೀಸರ ಗುಂಡಿಗೆ ಮೂವರು ಗಾಯಗೊಂಡರು. ಅದಾದ ಮೇಲೆ ಅಲ್ಲಿ ಸಂವಾದ ಪೊಲೀಸರು ಅಂತ ಒಂದು ತಂಡ ಬಂತು. ಇವರು ಪ್ರತಿಭಟನೆಗೆ ಮೊದಲು, ನಡುವೆ, ಆದ ಮೇಲೆ ಸಂಘಟಕರ ಜೊತೆ ಮಾತಾಡುತ್ತಾ ಇರುತ್ತಾರೆ. ಎಲ್ಲ ಸಲ ಗೆಲ್ಲುತ್ತಾರೆ ಅಂತಲ್ಲ. ಆದರೆ ಗುರಾಣಿ ಹಿಡಿದ ಸಾಲಿನ ಆ ಕಡೆಯಿಂದ ಮಾತಾಡುವ ಒಂದು ಮುಖ ಇದೆ ಅನ್ನುವುದೇ ದೊಡ್ಡದು.

ಇನ್ನೊಂದು ಮಾತು. ರಬ್ಬರ್ ಬುಲೆಟ್ ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ. ಫ್ರಾನ್ಸಿನ ಹಳದಿ ಜಾಕೆಟ್ ಪ್ರತಿಭಟನೆಯಲ್ಲಿ ಅಂಥ ಗುಂಡುಗಳಿಂದ ಕಣ್ಣು ಕಳೆದುಕೊಂಡವರಿದ್ದಾರೆ.

ಪ್ರಶ್ನೆ: ನೀವು ಎಷ್ಟೇ ಹೇಳಿ, ಅಂಗಡಿ ಸುಟ್ಟವರನ್ನು ನಾನು ಕ್ಷಮಿಸುವುದಿಲ್ಲ. ಅಂಗಡಿಯವನು ಯಾರನ್ನು ಕೊಂದಿದ್ದ?

ಉತ್ತರ: ಯಾರನ್ನೂ ಕೊಂದಿರಲಿಲ್ಲ. ನೀವು ಹೇಳುವುದು ಸರಿ. 2011ರ ಆ ಗಲಭೆಯಲ್ಲಿ ಲಂಡನ್ನಿನ ಕ್ರಾಯ್ಡನ್‌ನ ಹೌಸ್ ಆಫ್ ರೀವ್ಸ್ ಅನ್ನುವ ಪೀಠೋಪಕರಣದ ಅಂಗಡಿ ಸುಟ್ಟುಹೋಯಿತು. 1867ರಿಂದ ಒಂದೇ ಮನೆತನ ನಡೆಸಿಕೊಂಡು ಬಂದದ್ದು. ಎರಡು ವಿಶ್ವಯುದ್ಧ ದಾಟಿದ ಕಟ್ಟಡ ಒಂದು ರಾತ್ರಿಯಲ್ಲಿ ಹೋಯಿತು. ಬೆಂಕಿ ಹಚ್ಚಿದವನಿಗೆ ಹನ್ನೊಂದೂವರೆ ವರ್ಷ ಶಿಕ್ಷೆ ಆಯಿತು. ಆಗಬೇಕಾದದ್ದೇ.

ನಾನು ಬೇಡ ಅನ್ನುವುದು ಒಂದನ್ನು ಮಾತ್ರ. ಬೆಂಕಿ ಹಚ್ಚಿದವನನ್ನು ತೋರಿಸಿ, ಠಾಣೆ ಮುಂದೆ ಉತ್ತರಕ್ಕಾಗಿ ಕಾದು ನಿಂತ ಮನೆಯವರ ಬಾಯಿ ಮುಚ್ಚಿಸಬೇಡಿ.

ಪ್ರಶ್ನೆ: ನನ್ನ ತಮ್ಮ ಪೊಲೀಸ್. ಎಲ್ಲೋ ಯಾರೋ ಗುಂಡು ಹಾರಿಸಿದರೂ ಬೈಗುಳ ಅವನಿಗೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಅವನ ಕಷ್ಟ ಯಾರೂ ಕೇಳುವುದಿಲ್ಲ.

ಉತ್ತರ: ಅಕ್ಕ, ನಾನು ಕೇಳುತ್ತೇನೆ. ನಾನು ವಾದಿಸಿದ ಒಬ್ಬ ಪೊಲೀಸನನ್ನು ಮೊದಲ ಸಲ ನೋಡಿದಾಗ ಅವನ ಸಮವಸ್ತ್ರವನ್ನು ಸಾಕ್ಷಿಗೆ ಅಂತ ತೆಗೆದುಕೊಂಡಿದ್ದರು. ಯಾರದೋ ದೊಡ್ಡ ಅಂಗಿ ಹಾಕಿಕೊಂಡು, ತೋಳನ್ನು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದ. ಒಂದು ಗಂಟೆ ಅದನ್ನೇ ಮಾಡಿದ. ಅವನು ರಾಕ್ಷಸ ಆಗಿರಲಿಲ್ಲ.

ಐಸ್‌ಲ್ಯಾಂಡ್‌ನಲ್ಲಿ 2013ರ ಡಿಸೆಂಬರ್ 2ಕ್ಕೆ ಪೊಲೀಸರ ಗುಂಡಿಗೆ ಒಬ್ಬರು ಸತ್ತರು. ಆ ದೇಶ ಗಣರಾಜ್ಯ ಆದ ಮೇಲೆ ಅದೇ ಮೊದಲು. ಆ ಮನುಷ್ಯ ಪೊಲೀಸರತ್ತ ಗುಂಡು ಹಾರಿಸಿದ್ದ. ಆದರೂ ಪೊಲೀಸರು ಅವನ ಮನೆಯವರಿಗೆ ಬಹಿರಂಗವಾಗಿ ವಿಷಾದ ಹೇಳಿದರು. ಗುಂಡು ಹಾರಿಸಿದವರಿಗೆ ಆಪ್ತಸಮಾಲೋಚನೆಯ ನೆರವೂ ಇತ್ತು. ವಿಷಾದ ಅಂದರೆ ತಪ್ಪೊಪ್ಪಿಗೆ ಅಲ್ಲ. ಒಂದು ಜೀವ ಹೋಯಿತು, ನಮಗೂ ನೋವಾಗಿದೆ ಅನ್ನುವುದು.

ನಿಮ್ಮ ತಮ್ಮನಿಗೆ ಬೈಗುಳ ಬರುತ್ತಿರುವುದು ಅವನ ಇಲಾಖೆ ಎಂದೋ ಮುಚ್ಚಿಟ್ಟ ವಿಷಯಗಳಿಗೆ. ತಪ್ಪು ಮಾಡಿದ ಒಬ್ಬನನ್ನು ಕಾಪಾಡಲು ಹೋದರೆ ಸರಿಯಾಗಿ ಕೆಲಸ ಮಾಡುವ ನೂರು ಜನರ ಮುಖಕ್ಕೆ ಮಸಿ ಬಳಿದ ಹಾಗೆ. ಇದನ್ನು ಅವನಿಗೆ ನನ್ನ ಹೆಸರಲ್ಲೇ ಹೇಳಿ. ನಿದ್ದೆ ಬರದಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ಎಲ್ಲ ಪೊಲೀಸರಿಗೂ ಮೈಮೇಲೆ ಕ್ಯಾಮೆರಾ ಹಾಕಿಬಿಟ್ಟರೆ ಸಮಸ್ಯೆ ಮುಗೀತಲ್ವಾ?

ಉತ್ತರ: ಮುಗಿಯುವುದಿಲ್ಲ. ವಾಷಿಂಗ್ಟನ್ ನಗರದಲ್ಲಿ 2000ಕ್ಕೂ ಹೆಚ್ಚು ಪೊಲೀಸರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕ್ಯಾಮೆರಾ ಇದ್ದವರಿಗೂ ಇಲ್ಲದವರಿಗೂ ಬಲಪ್ರಯೋಗದಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಕ್ಯಾಮೆರಾಕ್ಕಿಂತ ಅದರ ಬೀಗ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಶಿಕಾಗೋದಲ್ಲಿ 2014ರ ಅಕ್ಟೋಬರ್‌ನಲ್ಲಿ 17 ವರ್ಷದ ಹುಡುಗನಿಗೆ 16 ಗುಂಡು ಬಿದ್ದವು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ಇತ್ತು. ಅದು ಜನರ ಕಣ್ಣಿಗೆ ಬಿದ್ದದ್ದು 13 ತಿಂಗಳಾದ ಮೇಲೆ, ಅದೂ ಕೋರ್ಟು ಹೇಳಿದ್ದಕ್ಕೆ. ಹುಡುಗ ಚಾಕು ಹಿಡಿದು ಮೇಲೆ ಬಂದ ಅಂದಿದ್ದರು. ವಿಡಿಯೋದಲ್ಲಿ ಅವನು ದೂರ ನಡೆದು ಹೋಗುತ್ತಿದ್ದ. 2018ರಲ್ಲಿ ಆ ಪೊಲೀಸ್ ಅಪರಾಧಿ ಅಂತ ತೀರ್ಪು ಬಂತು, 2019ರಲ್ಲಿ ಶಿಕ್ಷೆ ಆಯಿತು.

ಪ್ರಶ್ನೆ: ಇಂಥದ್ದು ಕಣ್ಣೆದುರೇ ನಡೆದರೆ ನನ್ನಂಥವರು ಏನು ಮಾಡಬೇಕು? ವಿಡಿಯೋ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಪ್ರಾಣ. ಗೋಡೆಯ ಮರೆಗೆ ಹೋಗಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಇನ್ಯಾರೋ ಮಾಡಿರುತ್ತಾರೆ ಅಂದುಕೊಳ್ಳಬೇಡಿ. ಆಮೇಲೆ ದೂರದಿಂದ, ಪೊಲೀಸರ ಕೆಲಸಕ್ಕೆ ಅಡ್ಡ ಬಾರದೆ ವಿಡಿಯೋ ಮಾಡಿ. ನಿಯಮ ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ, ನೀವಿರುವ ಕಡೆಯ ವಕೀಲರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಫೋನನ್ನು ಅಡ್ಡ ಹಿಡಿಯಿರಿ, ಜೂಮ್ ಮಾಡಬೇಡಿ. ಅಕ್ಕಪಕ್ಕದ ಕಟ್ಟಡ, ಬೋರ್ಡು ಒಂದು ಸಲ ಕಾಣುವ ಹಾಗೆ ತಿರುಗಿಸಿ. ನೀವು ಮಾತಾಡಬೇಡಿ. ವಿಡಿಯೋದಲ್ಲಿ ನಿಮ್ಮ ಗಾಬರಿಯ ಮಾತೇ ಜಾಸ್ತಿ ಇದ್ದರೆ ಅಲ್ಲಿ ಯಾರು ಏನು ಕೂಗಿದರು ಅಂತ ಕೇಳಿಸುವುದೇ ಇಲ್ಲ. ಎಚ್ಚರಿಕೆ ಕೊಟ್ಟಿದ್ದರಾ ಇಲ್ವಾ ಅನ್ನುವುದು ಎಷ್ಟೋ ಕೇಸಿನಲ್ಲಿ ಆ ಎರಡು ಸೆಕೆಂಡಿನ ಸದ್ದಿನ ಮೇಲೆ ನಿಂತಿರುತ್ತದೆ.

ಗುಂಪುಗಳಿಗೆ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಸತ್ತವರ ಮನೆಗೆ ಇನ್ನೂ ವಿಷಯ ಗೊತ್ತಾಗಿರುವುದಿಲ್ಲ. ಮೂಲ ಫೈಲನ್ನು ಕತ್ತರಿಸಬೇಡಿ, ಅಳಿಸಬೇಡಿ. ಒಂದು ಪ್ರತಿಯನ್ನು ನಂಬಿಕೆಯ ವಕೀಲರಿಗೆ ಕೊಡಿ. ಅವತ್ತು ರಾತ್ರಿಯೇ, ಮಲಗುವ ಮೊದಲು, ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಾಗಿತ್ತು, ಏನು ಕೇಳಿಸಿತು ಅಂತ ಕೈಯಲ್ಲೇ ಬರೆದು ತಾರೀಖು ಹಾಕಿ ಇಡಿ. ಬೇರೆಯವರ ವಿಡಿಯೋ ನೋಡುವ ಮೊದಲು ಬರೆಯಿರಿ.